ಅಮ್ಮನ ಪ್ರಶ್ನೆಗೆ ನಾನೊತ್ತಿದ ಉತ್ತರ

ಅಕ್ಟೋಬರ್ 7, ಮಂಗಳವಾರ, ಸಂಜೆ

ಬೇಕೆಂದು ಮಾಡಿದ್ದಲ್ಲ ಅಮ್ಮಾ. ಎಷ್ಟು ಸಲ ಹೇಳಬೇಕು? ನಿನ್ನ ಹೆಸರು ಕೆಡಿಸಿ ನನಗೇನು ಸಿಗುತ್ತದೆ? ತಮಾಷೆಗೂ ಅಲ್ಲ, ಸೇಡಿಗೂ ಅಲ್ಲ. ಗಡಿಯಾರ ಓಡುತ್ತಿತ್ತು, ನೀನಿರಲಿಲ್ಲ, ಒತ್ತಿದೆ. ಅಷ್ಟೇ.

ಇದನ್ನು ಅಮ್ಮನ ಮುಖಕ್ಕೇ ಹೇಳಲು ಹೋದೆ. ಅರ್ಧದಲ್ಲೇ ನಿಲ್ಲಿಸಿ ಕೋಣೆಗೆ ಬಂದೆ. ಉಳಿದದ್ದು ಇಲ್ಲಿ. ಈ ಪುಸ್ತಕ ಕೊಟ್ಟವಳು ಬರ್ನಿಟಾ, ನನ್ನ ಕೌನ್ಸೆಲರ್. "ಬರೀತಾ ಇರು, ಯಾರೂ ಓದಲ್ಲ" ಅಂದಿದ್ದಳು. ಓದದಿದ್ದರೇ ಒಳ್ಳೆಯದು.

ನಡೆದದ್ದು ಇಷ್ಟು. ಅಮ್ಮ ಅಡುಗೆಮನೆ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಡಾಕ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಬೋರ್ಡ್‌ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂತಿದ್ದಳು. ಕೆಲವು ತಿಂಗಳಿಗೊಮ್ಮೆ ಬರುತ್ತವೆ. ಚಟ ಬಿಡಿಸುವ ಡಾಕ್ಟರ್ ಅಂತ ಒಮ್ಮೆ ಸರ್ಟಿಫಿಕೇಟ್ ಸಿಕ್ಕರೆ ಸಾಯುವವರೆಗೂ ಇರುತ್ತದೆ ಅಂದುಕೊಂಡಿದ್ದೆ. ಇಲ್ಲವಂತೆ. ಉಳಿಸಿಕೊಳ್ಳಲು ಹೀಗೆ ಉತ್ತರ ಕೊಡುತ್ತಲೇ ಇರಬೇಕು. ಪ್ರತಿ ಪ್ರಶ್ನೆಗೂ ಗಡಿಯಾರ. ಪುಸ್ತಕ ತೆರೆದು ನೋಡಬಹುದು. ಮನುಷ್ಯರನ್ನು ಕೇಳುವಂತಿಲ್ಲ.

ಎದುರಿಗೆ ಕೂತು ಬೀನ್ಸ್, ಜೋಳದ ಬ್ರೆಡ್ ತಿನ್ನುತ್ತಿದ್ದೆ. ಅಮ್ಮನ ಫೋನ್ ಬಡಿದುಕೊಂಡಿತು. ಯಾರೋ ಪೇಷಂಟ್. ಅವಳ ಮುಖ ನೋಡಿದರೇ ಗೊತ್ತಾಗುತ್ತದೆ. ಒಳಗೆ ಸಿಗ್ನಲ್ ನಿಲ್ಲುವುದಿಲ್ಲ, ಹೊರಗೆ ಓಡಿದಳು. ಕಿಟಕಿಯಲ್ಲಿ ಕಂಡಳು — ಒಂದು ಕಿವಿ ಮುಚ್ಚಿಕೊಂಡು ಅತ್ತಿಂದಿತ್ತ ನಡೆಯುತ್ತಾ. ಪರದೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡೆ.

ಪ್ರಶ್ನೆ ಒಬ್ಬ ಹುಡುಗನ ಬಗ್ಗೆ. ಇಪ್ಪತ್ತು ದಾಟಿದವನು. ಹೆರಾಯಿನ್ ಬಿಟ್ಟು, ಅದರ ಆಸೆ ತಡೆಯಲು ನಾಲಿಗೆ ಕೆಳಗಿಡುವ ಔಷಧಿ ತಗೊಳ್ಳುತ್ತಿದ್ದಾನೆ. ನೆಟ್ಟಗಿದ್ದ. ಈಗ ಮೂತ್ರದಲ್ಲಿ ಮೆತ್ ಅನ್ನುವ ಇನ್ನೊಂದು ಮಾದಕ ಸಿಕ್ಕಿದೆ. ಡಾಕ್ಟರ್ ಮುಂದೇನು ಮಾಡಬೇಕು?

ನಾಲ್ಕು ಉತ್ತರ ಇದ್ದವು. ಮೂರನೆಯದು: ಚಿಕಿತ್ಸೆ ನಿಲ್ಲಿಸಿ ಅವನನ್ನು ಹೊರಗೆ ಕಳಿಸುವುದು.

ಅದನ್ನೇ ಒತ್ತಿದೆ.

ಕೆಂಪು ಬಣ್ಣ ಬಂತು. ತಪ್ಪು. ಕೆಳಗೆ ಉದ್ದನೆಯ ವಿವರಣೆ. ಔಷಧಿ ನಿಲ್ಲಿಸಬಾರದು, ಇನ್ನೂ ಬೇಗ ಬೇಗ ಕರೆಸಬೇಕು, ಹೊರಗೆ ಹಾಕಿದರೆ ಸಾಯುವ ಸಾಧ್ಯತೆ ಜಾಸ್ತಿ... ಪೂರ್ತಿ ಓದುವ ಮೊದಲೇ ಅಮ್ಮ ಹಿಂದೆ ನಿಂತಿದ್ದಳು.

ಆಮೇಲೆ ಜಗಳ. ಅಂದದ್ದನ್ನೆಲ್ಲ ಬರೆಯುವುದಿಲ್ಲ. ಕೊನೆಯ ಮಾತು ಮಾತ್ರ: "ಕೊನೇಲಿ ಒಂದು ಟಿಕ್ ಹಾಕ್ಬೇಕು ಕಣೋ. ಇನ್ನೊಬ್ಬರ ಸಹಾಯ ಇಲ್ದೆ ನಾನೇ ಉತ್ತರ ಕೊಟ್ಟಿದ್ದು ಅಂತ. ಅದನ್ನ ಹೇಗೆ ಹಾಕ್ಲಿ?"

"ಹಾಕು. ಯಾರು ನೋಡಿದ್ರು?"

"ನಾನು ನೋಡಿದೆ."

ಲ್ಯಾಪ್‌ಟಾಪ್ ಮುಚ್ಚಿದಳು. ತಟ್ಟೆ ತೊಳೆದಳು. ನನ್ನ ತಟ್ಟೆಯನ್ನೂ.


ಅಕ್ಟೋಬರ್ 8, ಬುಧವಾರ, ಊಟದ ಹೊತ್ತು

ನಾನು ಕೆಲಸ ಮಾಡುವ ಟೈರ್ ಅಂಗಡಿ. ಬೆಳಗಿನಿಂದ ಒಂದೇ ಲಾರಿ. ಕೈ ಖಾಲಿ ಇದ್ದರೆ ತಲೆ ಕೆಡುತ್ತದೆ.

ಅಂಗಡಿ ವರ್ನನ್‌ದು. ಮೊದಲು ಗಣಿಯಲ್ಲಿದ್ದ, ಬೆನ್ನು ಮುರಿದುಕೊಂಡ, ನೋವಿನ ಮಾತ್ರೆಯ ಚಟಕ್ಕೆ ಬಿದ್ದ. ಈಗ ಅಮ್ಮನ ಪೇಷಂಟ್. ಅದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ದೊಡ್ಡ ಮೀನು ಹಿಡಿದವನ ಹಾಗೆ.

"ಏನೋ ಡಾಲ್ಟನ್, ಮುಖ ಪಂಕ್ಚರ್ ಆಗಿದೆ? ಡಾಕ್ಟ್ರಮ್ಮ ಊಟ ಹಾಕ್ಲಿಲ್ವಾ?"

"ಸುಮ್ನಿರಿ."

"ಓಹೋ. ಹುಡುಗಿ ಓಡಿಸಿದ್ಲು."

"ಹುಡುಗಿ ಇದ್ರೆ ತಾನೆ."

"ಅದೂ ಸರಿ. ಈ ಮುಖಕ್ಕೆ ಯಾರು ಬರ್ತಾರೆ?" ನಕ್ಕ. ತನ್ನ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ಅರ್ಧ ಮುರಿದು ಕೊಟ್ಟ.

ಹೇಳಲಿಲ್ಲ. ನಿನ್ನೆ ನಡೆದದ್ದನ್ನು ಹೇಗೆ ಹೇಳಲಿ? ಆಸ್ಪತ್ರೆಯವರು ಅಮ್ಮನ ಕ್ಲಿನಿಕ್ ನಡೆಸುತ್ತಿರುವುದೇ ಆ ಸರ್ಟಿಫಿಕೇಟ್ ಇರುವ ಡಾಕ್ಟರ್ ಇದ್ದಾರೆ ಅಂತ. ಅದು ಹೋದರೆ ಕ್ಲಿನಿಕ್ ಹೋಗುತ್ತದೆ. ಇಡೀ ಕೌಂಟಿಗೆ ಚಟ ಬಿಡಿಸುವ ಡಾಕ್ಟರ್ ಅಂತ ಇರುವುದು ಅಮ್ಮ ಒಬ್ಬಳೇ. ವರ್ನನ್ ಗುಡ್ಡ ದಾಟಿ, ಹಿಮದಲ್ಲಿ, ಆ ಬೆನ್ನಿಟ್ಟುಕೊಂಡು ದೂರದೂರಿಗೆ ಗಾಡಿ ಓಡಿಸಬೇಕು. ಎಲ್ಲ ನನ್ನ ಒಂದು ಬೆರಳಿನಿಂದ.

ಆ ಸರ್ಟಿಫಿಕೇಟ್ ಹೇಗೆ ಬಂತು ಅಂತ ನನಗೆ ಗೊತ್ತು. ಅಮ್ಮ ಮೊದಲು ಬರೀ ಫ್ಯಾಮಿಲಿ ಡಾಕ್ಟರ್. ಜ್ವರ, ಶುಗರ್, ಬಸುರಿ. ಊರಿನ ಅರ್ಧ ಜನ ಮಾತ್ರೆಗೆ ಬಿದ್ದಾಗ ಇದಕ್ಕೆ ಇಳಿದಳು. ಈಗಿನವರು ಡಾಕ್ಟರ್ ಆದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ವರ್ಷ ಇದನ್ನೇ ಕಲಿತು ಬರುತ್ತಾರೆ. ಅವಳಿಗೆ ಆ ಪುರಸೊತ್ತಿರಲಿಲ್ಲ. ಕ್ಲಿನಿಕ್‌ನಲ್ಲೇ ವರ್ಷಗಟ್ಟಲೆ ದುಡಿದಳು, ದುಡಿದದ್ದು ನಿಜ ಅಂತ ಇನ್ನೊಬ್ಬ ಡಾಕ್ಟರ್ ಸಹಿ ಹಾಕಿದ, ಆಮೇಲೆ ಪರೀಕ್ಷೆ. ಇದೇ ಮೇಜಿನ ಮೇಲೆ ಓದುತ್ತಿದ್ದಳು. ಬಣ್ಣ ಬಣ್ಣದ ಪೆನ್ನಲ್ಲಿ ಗೆರೆ ಎಳೆದು ಎಳೆದು. ನಾನು ಹತ್ತನೇ ಕ್ಲಾಸು ಬಿಟ್ಟ ವರ್ಷ ಅದು. ಅವಳು ಓದುತ್ತಿದ್ದ ರೋಗ ನನ್ನೊಳಗೆ, ಪಕ್ಕದ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು.

ಅವಳು ಪಾಸಾದಳು.


ಅಕ್ಟೋಬರ್ 9, ಗುರುವಾರ

ಏನೂ ಇಲ್ಲ. ಬರೆಯುವಂಥದ್ದು ಏನೂ ಇಲ್ಲ.


ಅಕ್ಟೋಬರ್ 10, ಶುಕ್ರವಾರ, ಮಧ್ಯಾಹ್ನ

ನಾನು ಚಿಕಿತ್ಸೆಗೆ ಬರುವ ಕ್ಲಿನಿಕ್‌ನ ಪಾರ್ಕಿಂಗ್. ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ.

ಅಮ್ಮ ಕೌಂಟಿಯ ಎಲ್ಲರಿಗೂ ಔಷಧಿ ಬರೆದುಕೊಡಬಹುದು, ನನಗೆ ಬರೆಯುವಂತಿಲ್ಲ. ಸ್ವಂತ ಮಗನಿಗೆ ಡಾಕ್ಟರ್ ಆಗಬಾರದು. ಅದಕ್ಕೇ ಎರಡು ಕೌಂಟಿ ದಾಟಿ ಬರುತ್ತೇನೆ. ಇಲ್ಲಿಯ ನರ್ಸುಗಳಿಗೂ ನಾನು ಯಾರ ಮಗ ಅಂತ ಗೊತ್ತು. "ಅಮ್ಮ ಹೇಗಿದ್ದಾರೆ?" ಅಂತ ಕೇಳುತ್ತಲೇ ಮೂತ್ರ ಪರೀಕ್ಷೆಯ ಕಪ್ ಕೈಗಿಡುತ್ತಾರೆ.

ಇವತ್ತು ಬರ್ನಿಟಾ ಕೊಟ್ಟಳು. ಕೊಡುವಾಗ ಬಿಡಲಿಲ್ಲ. ಅವಳ ಎರಡು ಬೆರಳು, ನನ್ನ ಎರಡು ಬೆರಳು, ನಡುವೆ ಕಪ್.

"ಕಪ್ ಹೇಳೋಕೆ ಮುಂಚೆ ನೀನೇ ಏನಾದ್ರೂ ಹೇಳ್ತೀಯಾ ರಾಜ?"

"ಏನಿಲ್ಲ."

"ಖಂಡಿತಾ?"

"ಇಲ್ಲ ಅಂದ್ನಲ್ಲ!"

ಕಪ್ ಹೇಳಿತು: ಮೆತ್. ಶನಿವಾರ ಸೇದಿದ್ದೋ, ಬುಧವಾರ ಸಂಜೆಯದ್ದೋ ಅಂತ ಅದು ಬಿಡಿಸಿ ಹೇಳುವುದಿಲ್ಲ. ಎರಡೂ ಇತ್ತು. ನನಗೆ ಗೊತ್ತು.

ಶನಿವಾರದ್ದು ಮಂಗಳವಾರ ಆ ಪ್ರಶ್ನೆ ಓದುವಾಗಲೂ ಗೊತ್ತಿತ್ತು.

ನನ್ನ ಡಾಕ್ಟರ್, ಡಾ. ಅಡೆಯೆಮಿ, ಒಳಗೆ ಕರೆದರು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಕೂತೆ, ಎದ್ದು ಹೋಗಲು ಸುಲಭ ಅಂತ. ಅವರು ಬೈಯಲಿಲ್ಲ. "ಬಂದಿದ್ದು ಒಳ್ಳೇದಾಯ್ತು" ಅಂದರು. ನಿದ್ದೆ ಬರುತ್ತಾ, ಯಾರ ಜೊತೆ ಇದ್ದೆ, ಎದೆ ನೋವಿದೆಯಾ. ಔಷಧಿ ಹಾಗೇ ಇರಲಿ ಅಂದರು. ತಿಂಗಳ ಬದಲು ವಾರಕ್ಕೊಮ್ಮೆ ಬಾ ಅಂದರು.

"ಅಂದ್ರೆ ನನ್ನನ್ನ ಹೊರಗೆ ಹಾಕಲ್ವಾ?"

"ಯಾಕೆ ಹಾಕ್ಬೇಕು? ಶುಗರ್ ಜಾಸ್ತಿ ಆದವರನ್ನ ಹೊರಗೆ ಹಾಕ್ತೀವಾ?"

ಸಿಟ್ಟು ಬಂತು. ಎಂಥ ಡಾಕ್ಟರ್ ಈತ. ಸುಳ್ಳು ಹೇಳಿದವನಿಗೆ ನೀರು ಕುಡೀತೀಯಾ ಅಂತ ಕೇಳುತ್ತಾನೆ. ಬಾಗಿಲಿಗೆ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ. ಥ್ಯಾಂಕ್ಸ್ ಅಂದು ಬಂದೆ. ನಾಯಿ ಥರ.

ಅಮ್ಮನಿಗೆ ಇದು ಗೊತ್ತಾಗುವುದಿಲ್ಲ. ನಾನು ಒಪ್ಪದೆ ಇವರು ಒಂದಕ್ಷರ ಹೇಳುವಂತಿಲ್ಲ.


ಅಕ್ಟೋಬರ್ 11, ಶನಿವಾರ

ಓಕ್ಸ್ ಮನೆಗೇ ಬಂದ. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವನು. ಇಸ್ತ್ರಿ ಮಾಡಿದ ಜೀನ್ಸ್. ಅಮ್ಮ ನಿನ್ನೆಯೇ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದಳು. ಕ್ಲಿನಿಕ್ ಅವನ ತಲೆ ಮೇಲೂ ಇದೆ, ತಿಳಿಸದಿದ್ದರೆ ತಪ್ಪು ಅಂತ. ಇವಳ ಸತ್ಯ ಹೊಗೆಯ ಹಾಗೆ, ಯಾವ ಸಂದಿ ಸಿಕ್ಕರೂ ಹೊರಗೆ ಬರುತ್ತದೆ.

ಕಾಫಿ ಕೊಟ್ಟಳು. ನಾನು ಕೋಣೆಯಲ್ಲಿದ್ದೆ. ಗೋಡೆ ತೆಳು.

"ಗ್ಲೆನ್ನಾ ಡಾಕ್ಟ್ರೇ, ಒಂದೇ ಒಂದು ಪ್ರಶ್ನೆ. ಅದೂ ತಪ್ಪು ಉತ್ತರ. ತಪ್ಪು ಉತ್ತರಕ್ಕೆ ಯಾರಾದ್ರೂ ಕಾಪಿ ಹೊಡೀತಾರಾ? ಟಿಕ್ ಹಾಕಿ, ಮುಗೀತು."

"ಟಿಕ್ ಹಾಕೋದು ಸುಳ್ಳಾಗತ್ತೆ."

"ನೀವು ಬೋರ್ಡ್‌ಗೆ ಬರೆದ್ರೆ ಅವರು ಕೂತು ವಿಚಾರಣೆ ಮಾಡ್ತಾರೆ. ಸರ್ಟಿಫಿಕೇಟ್ ತಡೆಹಿಡಿದ್ರೆ ನಾನು ಬೇರೆ ಡಾಕ್ಟರ್ ಹುಡುಕ್ಬೇಕು. ಈ ಗುಡ್ಡಕ್ಕೆ ಯಾರ್ರೀ ಬರ್ತಾರೆ? ಬಾಗಿಲು ಹಾಕೋದೇ. ನಿಮ್ಮ ಪೇಷಂಟ್‌ಗಳ ಗತಿ?"

ಅಮ್ಮ ಕಾಫಿ ಲೋಟ ಕೆಳಗಿಟ್ಟ ಸದ್ದು. ಆಮೇಲೆ: "ದಿನಾ ಜನರ ಕೈಗೆ ಕಪ್ ಕೊಟ್ಟು, ನಿಜ ಹೇಳಿ, ಹೇಳಿದ್ರೆ ನಿಮಗೇನೂ ಆಗಲ್ಲ ಅಂತೀನಿ ಓಕ್ಸ್. ನನ್ನ ಕಪ್ಪಿನ ಸರದಿ ಬಂದಾಗ ನೀರು ತುಂಬ್ಸಿ ಕೊಡ್ಲಾ?"

"ಅವರ ವಿಷಯ ಬೇರೆ."

"ಹೇಗೆ ಬೇರೆ?"

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಹೋಗುವಾಗ ನಾನು ಅಡ್ಡ ಸಿಕ್ಕೆ. ಮೇಲಿಂದ ಕೆಳಗೆ ನೋಡಿದ.

"ನಿಮ್ಮಮ್ಮ ಊರನ್ನೆಲ್ಲ ರಿಪೇರಿ ಮಾಡ್ತಾರಪ್ಪ. ನೀನು ಕೈಕಟ್ಕೊಂಡು ಕೂತ್ರೆ ಸಾಕಿತ್ತು. ಅಷ್ಟೂ ಆಗ್ಲಿಲ್ವಾ?"

"ಟೈರಿಗೆ ಗಾಳಿ ಕಮ್ಮಿ ಇದೆ ನಿಮ್ಮ ಕಾರಿಗೆ" ಅಂದೆ. ನಿಜವಾಗಿಯೂ ಕಮ್ಮಿ ಇತ್ತು.


ಅಕ್ಟೋಬರ್ 19, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಪುಸ್ತಕ ಹಾಸಿಗೆ ಕೆಳಗಿತ್ತು. ಬರೆದರೆ ಏನು ಮಾಡಿದೆ ಅಂತ ಬರೆಯಬೇಕಾಗುತ್ತಿತ್ತು.

ಶುಕ್ರವಾರ ಕ್ಲಿನಿಕ್‌ಗೆ ಹೋದೆ. ಅಷ್ಟು ಸಾಕು.

ಅಮ್ಮ ಚರ್ಚಿನಿಂದ ಬಂದು, ಕೋಟು ಬಿಚ್ಚದೆ ನನ್ನ ಬಾಗಿಲಲ್ಲಿ ನಿಂತಳು.

"ಬೋರ್ಡ್‌ಗೆ ಬರೆದಿಟ್ಟಿದೀನಿ. ಕಳಿಸಿಲ್ಲ ಇನ್ನೂ."

"ಏನಂತ?"

"ಫೋನ್ ಬಂದು ಎದ್ದು ಹೋದೆ, ಮನೇಲಿದ್ದ ಇನ್ನೊಬ್ಬರು ಉತ್ತರ ಒತ್ತಿದ್ರು ಅಂತ."

ಮನೆಯಲ್ಲಿದ್ದ ಇನ್ನೊಬ್ಬರು.

ಬಾಡಿಗೆಗೆ ಬಂದವನಾ ನಾನು? ಪ್ಲಂಬರಾ? ಕೇಳಿಯೇಬಿಟ್ಟೆ.

"ಮಗ ಅಂತ ಬರೆಯೋಕೆ ನಾಚಿಕೆ ಅಲ್ವಾ ನಿಂಗೆ?"

"ಡಾಲ್ಟನ್, ಕೇಳಿಲ್ಲಿ. ಮಗ ಅಂದ್ರೆ ಯಾವ ಮಗ, ಅವನ್ಯಾಕೆ ಹಾಗೆ ಮಾಡ್ದ ಅಂತ ಕೇಳ್ತಾರೆ. ಕೇಳಿದ್ರೆ ನೀನು ಚಿಕಿತ್ಸೇಲಿರೋದು ಬರತ್ತೆ. ಅದು ನಿನ್ನ ವಿಷಯ. ನೀನು ಒಪ್ಪದೆ ನಾನು ಎಲ್ಲೂ ಹೇಳೋ ಹಾಗಿಲ್ಲ. ಯಾವ ಪೇಷಂಟ್‌ದೂ ಹೇಳಲ್ಲ, ನಿಂದು ಹೇಳ್ತೀನಾ?"

"ನಾನು ನಿನ್ನ ಪೇಷಂಟ್ ಅಲ್ಲ."

"ಗೊತ್ತು."

"ಹಾಗಾದ್ರೆ ನಾಚಿಕೆ ಇಲ್ಲ ಅನ್ನು."

ಕೋಟಿನ ಗುಂಡಿ ಹಿಡಿದುಕೊಂಡು ನಿಂತಳು. ಸುಳ್ಳು ಹೇಳಲು ಬರುವುದಿಲ್ಲ ಇವಳಿಗೆ.

"ಅರ್ಧ ನಿನ್ನ ಒಪ್ಪಿಗೆ ವಿಷಯ ಕಣೋ. ಇನ್ನರ್ಧ ನಾಚಿಕೆ. ಇದರಲ್ಲಿ ನಾಚ್ಕೊಳ್ಳೋದೇನಿಲ್ಲ ಅಂತ ಬಂದವರಿಗೆಲ್ಲ ಹೇಳ್ತೀನಿ. ಮನೆಗೆ ಬಂದು ಮಗ ಅಂತ ಟೈಪ್ ಮಾಡೋಕೆ ಹೋದ್ರೆ ಕೈ ಬರ್ಲಿಲ್ಲ. ನಿನ್ನ ಮೇಲಿನ ನಾಚಿಕೆ ಅಲ್ಲ. ನನ್ನ ಮೂಗಿನ ಕೆಳಗೇ ಇದ್ದಿದ್ದು ಕಾಣದೆ ಪರೀಕ್ಷೆಗೆ ಓದ್ತಾ ಕೂತಿದ್ನಲ್ಲ, ಅದು."

ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಕೂಗಿದ್ದರೆ ಚೆನ್ನಾಗಿತ್ತು. ಕೂಗಿದವರಿಗೆ ಉತ್ತರ ಕೊಡಬಹುದು.


ಅಕ್ಟೋಬರ್ 22, ಬುಧವಾರ

ಊರಿಗೆಲ್ಲ ಗೊತ್ತಾಗಿದೆ. ಓಕ್ಸ್ ಬಾಯಿ. ಪೆಟ್ರೋಲ್ ಬಂಕಿನಲ್ಲಿ ಒಬ್ಬಳು ಚಿಲ್ಲರೆ ಕೊಡುವಾಗ ಕೈಗೆ ಕೊಡದೆ ಕೌಂಟರ್ ಮೇಲಿಟ್ಟಳು. ನನಗೆ ಹಾಗನ್ನಿಸಿತೋ ಏನೋ.

ಅಂಗಡಿಯಲ್ಲಿ ವರ್ನನ್ ಬೆಳಗ್ಗೆಯಿಂದ ಬರೀ ಕೆಲಸ. ಜ್ಯಾಕ್ ಎತ್ತುವುದು, ಇಳಿಸುವುದು. ಕೊನೆಗೆ ನಾನೇ ಬಾಯಿ ತೆರೆದೆ.

"ಬೈಯೋದಿದ್ರೆ ಬೈದ್ಬಿಡಿ."

"ಯಾಕೆ ಬೈಲಿ?" ಗ್ರೀಸಿನ ಬಟ್ಟೆ ಎಸೆದ. "ಆ ಫೋನ್ ಮಾಡಿದ್ದು ನಾನು ಕಣೋ."

"ಯಾವ ಫೋನ್?"

"ಅವತ್ತು ಸಂಜೆ. ತಮ್ಮನ ಮನೇಲಿದ್ದೆ. ಬಾತ್‌ರೂಮ್ ಕಪಾಟಲ್ಲಿ ಅವನ ಆಪರೇಷನ್ ನೋವಿನ ಮಾತ್ರೆ. ಡಬ್ಬಿ ಕೈಗೆ ತಗೊಂಡಿದ್ದೆ. ನಿಮ್ಮಮ್ಮಂಗೆ ಫೋನ್ ಮಾಡ್ದೆ. ಡಬ್ಬಿ ಕೆಳಗಿಟ್ಟು ಹೊರಗೆ ಬರೋ ತನಕ ಮಾತಾಡಿದ್ರು. ಪರೀಕ್ಷೇಲಿದೀನಿ ಅಂತ ಒಂದು ಮಾತು ಅನ್ಲಿಲ್ಲ."

ಅಮ್ಮನೂ ಯಾರು ಫೋನ್ ಮಾಡಿದ್ದು ಅಂತ ನನಗೆ ಹೇಳಿರಲಿಲ್ಲ. ಜಗಳದಲ್ಲೂ ಇಲ್ಲ.

"ನಿಮ್ಮ ತಪ್ಪಲ್ಲ" ಅಂದೆ.

"ನಂದಲ್ಲ. ಅವರದ್ದಂತೂ ಅಲ್ಲ." ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. "ನೀನ್ಯಾಕೋ ಮುಟ್ಟೋಕೆ ಹೋದೆ? ಗಡಿಯಾರ ನಿಂತ್ರೆ ನಿಲ್ಲಲಿ. ಒಂದು ಪ್ರಶ್ನೆ ಹೋಗ್ತಿತ್ತು. ಅಷ್ಟೇ ತಾನೆ ಹೋಗ್ತಿದ್ದಿದ್ದು?"

ಹೌದು. ಅಷ್ಟೇ ಹೋಗುತ್ತಿತ್ತು.

"ಗೊತ್ತಿಲ್ಲ" ಅಂದೆ.

"ಬೋರ್ಡ್‌ಗೆ ಕಳಿಸ್ಬೇಡಿ ಅಂತ ಹೇಳು ಅವರಿಗೆ. ಈ ಬೆನ್ನಿಟ್ಕೊಂಡು ನಾನು ಎಲ್ಲಿಗೋ ಹೋಗ್ಲಿ?... ಛೆ. ಬೇಡ. ಹೇಳ್ಬೇಡ. ಅವರು ಹಾಗೆ ಮಾಡೋರಾಗಿದ್ರೆ ಅವತ್ತು ನನ್ನ ಫೋನೂ ಎತ್ತುತ್ತಿರಲಿಲ್ಲ."

ಒಂದು ಟೈರ್ ಹೊತ್ತುಕೊಂಡು ಒಳಗೆ ಹೋದ. ಅವನು ಭಾರ ಎತ್ತಬಾರದು. ಹಿಂದೆ ಓಡಿಹೋಗಿ ಕಸಿದುಕೊಂಡೆ. ಕೊಟ್ಟ. ಮುಖ ನೋಡಲಿಲ್ಲ.


ಅಕ್ಟೋಬರ್ 25, ಶನಿವಾರ, ಬೆಳಗ್ಗೆ

ಟ್ರಕ್ಕಿನಲ್ಲಿದ್ದೇನೆ. ಮನೆ ಮುಂದೆಯೇ. ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೀಗೇ ಬರುತ್ತದೆ.

ಎದ್ದು ಅಡುಗೆಮನೆಗೆ ಹೋದಾಗ ಲ್ಯಾಪ್‌ಟಾಪ್ ತೆರೆದಿತ್ತು. ಅಮ್ಮ ಬನ್ನಿನಂಥ ಬಿಸ್ಕತ್ತಿಗೆ ಗ್ರೇವಿ ಮಾಡುತ್ತಿದ್ದಳು. ತಳ ಹಿಡಿದ ವಾಸನೆ.

"ಇವತ್ತು ಕಳಿಸ್ತೀನಿ" ಅಂದಳು, ತಿರುಗದೆ.

"ಮಗ ಅಂತ ಬರಿ."

ಸೌಟು ಹಿಡಿದ ಅವಳ ಕೈ ನಿಂತಿತು.

"ಕೇಳಿದ್ರೆ ಎಲ್ಲ ಹೇಳು. ಚಿಕಿತ್ಸೇಲಿದಾನೆ ಅಂತ್ಲೂ ಹೇಳು. ನಾನು ಒಪ್ಪಿದೀನಿ. ಸಹಿ ಬೇಕಾ?"

"ಯೋಚ್ನೆ ಮಾಡಿದೀಯಾ?"

"ಬರಿ ಅಂದ್ನಲ್ಲ."

ಒಲೆ ಆರಿಸಿ ಕೂತಳು. ಟೈಪ್ ಮಾಡಿದಳು. ಒಂದೇ ಶಬ್ದ ಬದಲಿಸುವುದಕ್ಕೆ ಎಷ್ಟು ಹೊತ್ತು. ಒತ್ತಿದಳು. ಹೋಯಿತು. ಇನ್ನು ಸರ್ಟಿಫಿಕೇಟ್ ಇಡುವುದು ಕಿತ್ತುಕೊಳ್ಳುವುದು ಅವರ ಕೈಯಲ್ಲಿ. ನಾನು ಮೊದಲ ಸಲ ಉಸಿರಾಡಿದೆ. ಅಲ್ಲಿಗೆ ಮುಗಿಯಬೇಕಿತ್ತು. ಬಿಸ್ಕತ್ತು ತಿನ್ನಬೇಕಿತ್ತು.

"ಒಂದು ಕೇಳ್ಲಾ?" ಅಂದಳು ಅಮ್ಮ. "ಬೈಯೋಕಲ್ಲ. ನಾಲ್ಕು ಉತ್ತರದಲ್ಲಿ ಅದನ್ನೇ ಯಾಕೆ ಒತ್ತಿದೆ?"

"ಸುಮ್ನೆ."

"ಸುಮ್ನೆ ಅಲ್ಲ. ನೀನು ಇದರೊಳಗೇ ಬೆಳೆದವನು. ಔಷಧಿ ನಿಲ್ಲಿಸ್ಬಾರದು ಅಂತ ನಿಂಗೆ ಚೆನ್ನಾಗಿ ಗೊತ್ತು."

"ಅಂಥವರನ್ನ ಹೊರಗೇ ಹಾಕ್ಬೇಕು. ಅದಕ್ಕೆ."

"ಎಂಥವರನ್ನ?"

ಗೊತ್ತಾಗಿಬಿಟ್ಟಿತ್ತು ಅವಳಿಗೆ. ಪ್ರಶ್ನೆ ಕೇಳಿದ ಮೇಲೆ ಗೊತ್ತಾದದ್ದು. ಮುಖದ ಬಣ್ಣ ಇಳಿದದ್ದನ್ನು ನೋಡಿದೆ.

"ಎಲ್ಲ ಕೊಟ್ರೂ ಮತ್ತೆ ಹೋಗಿ ಮೆತ್ ಸೇದೋರನ್ನ. ಕಪ್ ಹಿಡ್ಕೊಂಡು ಏನಿಲ್ಲ ಅಂತ ಸುಳ್ಳು ಹೇಳೋರನ್ನ. ನನ್ನನ್ನ. ಸಾಕಾ?"

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನೆಟ್ಟಗೆ ಕೂತಳು. ಕ್ಲಿನಿಕ್‌ನಲ್ಲಿ ಕೂರುವ ಹಾಗೆ.

"ಡಾಕ್ಟರ್‌ಗೆ ಗೊತ್ತಾ?"

"ಗೊತ್ತು."

"ಔಷಧಿ ನಿಲ್ಲಿಸಿದ್ರಾ?"

"ಇಲ್ಲ. ವಾರ ವಾರ ಬಾ ಅಂದ್ರು."

ಭುಜ ಸಡಿಲ ಬಿಟ್ಟಳು. ಕಣ್ಣು ಮುಚ್ಚಿದಳು. "ಸರಿ" ಅಂದಳು. "ಅದೇ ಸರಿಯಾದ ಉತ್ತರ."

ನೆಮ್ಮದಿಯಿಂದ ಅಂದದ್ದು. ಗೊತ್ತು. ಈಗ ಗೊತ್ತು. ಆಗ ಏನಾಯಿತೋ. ಕುರ್ಚಿ ಹಿಂದಕ್ಕೆ ಬಿತ್ತು.

"ನಾನೇನು ನಿನ್ನ ಪರೀಕ್ಷೆ ಪ್ರಶ್ನೇನಾ? ಆ ಹುಡುಗ ನಾನಾ? ಕೂಗೇ! ಒಂದು ಸಲ ಕೂಗು! ಊರವರಿಗೆಲ್ಲ ಡಾಕ್ಟರ್ ಆಗು, ನಂಗೆ ಕೆನ್ನೆಗೆ ಬಾರಿಸೋ ಅಮ್ಮ ಆಗು!"

"ಡಾಲ್ಟನ್, ಕೂತ್ಕೋ—"

ಕೂರಲಿಲ್ಲ. ಬಾಗಿಲು ಎಷ್ಟು ಜೋರಾಗಿ ಬಡಿದೆನೆಂದರೆ ಬಾಗಿಲಿನ ಸೊಳ್ಳೆಜಾಲರಿಯ ಚೌಕಟ್ಟು ಕಳಚಿ ಜಗುಲಿಯ ಮೇಲೆ ಬಿತ್ತು.

ಇಲ್ಲಿಂದ ಕಾಣುತ್ತಾಳೆ. ಹೊರಗೆ ಬಂದಿದ್ದಾಳೆ, ಸಾಕ್ಸ್‌ನಲ್ಲೇ. ಚೌಕಟ್ಟು ಎತ್ತಿ ಗೋಡೆಗೆ ಒರಗಿಸಿದಳು. ಬೇಕಂತಲೇ ನನ್ನ ಕಡೆ ನೋಡುತ್ತಿಲ್ಲ. ಪೇಷಂಟ್ ಸಿಟ್ಟು ಮಾಡಿಕೊಂಡು ಎದ್ದು ಹೋದರೆ ಹಿಂದೆ ಹೋಗಬಾರದು, ಕಾಣುವ ಜಾಗದಲ್ಲಿ ನಿಂತಿರಬೇಕು ಅಂತ ಅವಳೇ ಯಾರಿಗೋ ಹೇಳಿದ್ದು ಕೇಳಿದ್ದೇನೆ.

ಥೂ. ಅದೇ ಮಾಡುತ್ತಿದ್ದಾಳೆ.

ಎಷ್ಟು ಅಸಹ್ಯ ಆಗುತ್ತಿದೆ ನನಗೆ ನನ್ನ ಮೇಲೆ. ಟ್ರಕ್ ಸ್ಟಾರ್ಟ್ ಮಾಡಿದೆ. ಎಲ್ಲಿಗೆ ಅಂತ ಗೊತ್ತಿಲ್ಲ. ಎಡಕ್ಕೆ ಹೋದರೆ ಆ ಶನಿವಾರ ನನ್ನ ಜೊತೆ ಸೇದಿದವರು. ಬಲಕ್ಕೆ ಹೋದರೆ ಕ್ಲಿನಿಕ್, ಬರ್ನಿಟಾ ಮಧ್ಯಾಹ್ನದವರೆಗೆ ಇರುತ್ತಾಳೆ. ಅಮ್ಮ ಈಗ ನೋಡಿದಳು. ಕೈ ಎತ್ತಲಿಲ್ಲ, ಕರೆಯಲಿಲ್ಲ, ಸುಮ್ಮನೆ ಅಲ್ಲೇ ನಿಂತಿದ್ದಾಳೆ.